ಸಾಹೇಬ್ರಿಗೆ ಎರಡು ಚಾ

ದೋಸ್ತ,

ಬೆಂಗಳೂರಿನ ಚಳಿಗೆ ಆ ಕೆಂಪು ಮಫ್ಲರ್ ಹೊರಗೆ ತೆಗೆದೆಯೋ ಇಲ್ವೋ? ತೆಗೆದಿದ್ದರೆ ಫೋಟೋ ಹಾಕು.

ನಮ್ಮ ಬಳ್ಳಾರಿಯಲ್ಲಿ ಚಳಿ ಅಂದರೆ ಸೂರ್ಯ ಹುಟ್ಟುವವರೆಗೆ ಅಷ್ಟೇ. ಆ ಹೊತ್ತಿಗೆ ನಾವು ಕೋಟೆ ಗುಡ್ಡದ ಮೆಟ್ಟಿಲ ಮೇಲೆ ಇರುತ್ತಿದ್ದೆವು. ನೀನು ಸಂವಿಧಾನದ ವಿಧಿ ಕೇಳುತ್ತಿದ್ದೆ, ನಾನು ಏದುಸಿರು ಬಿಡುತ್ತಾ ಉತ್ತರ ಹೇಳುತ್ತಿದ್ದೆ. ಆಮೇಲೆ ಲೈಬ್ರರಿ. ಸಂಜೆ ರಾಯಲ್ ಸರ್ಕಲ್ ಹತ್ತಿರ ಒಗ್ಗರಣೆ, ಮಿರ್ಚಿ. ಅಂಗಡಿ ಅಣ್ಣ "ಸಾಹೇಬ್ರಿಗೆ ಎರಡು ಚಾ" ಅಂತ ಕೂಗಿದರೆ ನನಗೆ ಎಷ್ಟು ಖುಷಿ ಆಗುತ್ತಿತ್ತು! ಸಾಹೇಬರಾಗಲು ಪಾಸಾಗಬೇಕಿದ್ದ ಕೆಎಎಸ್ ಪರೀಕ್ಷೆ, ಅಂದರೆ ರಾಜ್ಯದ ಅಧಿಕಾರಿಗಳ ಪರೀಕ್ಷೆ, ಇನ್ನೂ ಬರೆದೇ ಇರಲಿಲ್ಲ.

ಮೊನ್ನೆ ಒಂದು ಸಂಶೋಧನೆ ಬಗ್ಗೆ ಓದಿದೆ. ಅವತ್ತಿನಿಂದ ಆ ಕೂಗು ಕಿವಿಯಲ್ಲೇ ಇದೆ. ಪೀಟರ್ ಗಾಲ್ವಿಟ್ಸರ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಕಾನೂನು ಓದುವ ವಿದ್ಯಾರ್ಥಿಗಳಿಂದ ಅವರ ಗುರಿ, ಸಂಕಲ್ಪ ಬರೆಸಿಕೊಂಡರು. ಕೆಲವು ವಿದ್ಯಾರ್ಥಿಗಳು ಬರೆದದ್ದನ್ನು ಸಂಶೋಧಕರು ಅವರೆದುರೇ ನೋಡಿದರು, ಉಳಿದವರದ್ದನ್ನು ಯಾರೂ ನೋಡಲಿಲ್ಲ. ಆಮೇಲೆ ಬಿಡಿಸಲು ಒಂದಷ್ಟು ಕೇಸು ಕೊಟ್ಟು, ಸಾಕೆನಿಸಿದಾಗ ನಿಲ್ಲಿಸಿ ಎಂದರು. ಯಾರ ಸಂಕಲ್ಪವನ್ನು ಇನ್ನೊಬ್ಬರು ನೋಡಿದ್ದರೋ ಅವರೇ ಕಡಿಮೆ ಹೊತ್ತು ಕೂತರು. ಇನ್ನೊಬ್ಬರಿಗೆ ಗೊತ್ತಾದ ಕೂಡಲೇ ಅರ್ಧ ವಕೀಲರಾದಂತೆ ಮನಸ್ಸಿಗೆ ಅನಿಸಿಬಿಡುತ್ತದಂತೆ. ಅದೂ ಆಸೆ ಗಟ್ಟಿಯಾಗಿ ಇದ್ದವರಿಗೇ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಾನು ದಿನಾ ಮಿರ್ಚಿ ಜೊತೆ ಅರ್ಧ ಸಾಹೇಬನಾಗಿ ಮನೆಗೆ ಹೋಗುತ್ತಿದ್ದೆನಲ್ಲ, ಹಾಗೆ.

ಇನ್ನೊಂದು 2011ರದ್ದು. ಫಿಟ್ಜ್‌ಸಿಮನ್ಸ್ ಮತ್ತು ಫಿಂಕೆಲ್ ಅಂತ ಇಬ್ಬರು ಸಂಶೋಧಕರು ಮಾಡಿದ್ದು. ನಮ್ಮ ಗುರಿಗೆ ಜೊತೆಗಾರರು ಹೇಗೆ ಸಹಾಯ ಮಾಡುತ್ತಾರೆ ಎಂದು ಸುಮ್ನೆ ನೆನೆದರೂ ಸಾಕಂತೆ, ನಾವು ಹಾಕಬೇಕು ಅಂದುಕೊಂಡ ಶ್ರಮ ಕಡಿಮೆಯಾಗುತ್ತದೆ. ಭಾರ ಅವರ ಹೆಗಲಿಗೆ ಜಾರುತ್ತದೆ. ಇದನ್ನು ಓದಿದಾಗ ನೀನೇ ಕಣ್ಣ ಮುಂದೆ ಬಂದೆ. ಬೆಳಿಗ್ಗೆ ಬಾಗಿಲು ಬಡಿಯುತ್ತಿದ್ದವನು ನೀನು. ನೋಟ್ಸ್ ಮಾಡುತ್ತಿದ್ದವನು ನೀನು. ಅರ್ಜಿಯ ಕೊನೆ ದಿನ ನೆನಪಿಟ್ಟವನೂ ನೀನೇ.

ಪರೀಕ್ಷೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆ ಅಂತ ನೀನು ಅಂದಾಗ ನಿನ್ನ ಮೇಲೆ ರೇಗಿದೆ. "ನಿನ್ನ ಭವಿಷ್ಯ ಹಾಳಾಗುತ್ತೆ" ಅಂದೆ. ನಿಮ್ಮ ಅವ್ವ ಅದನ್ನು ಕೇಳಿ ಕಣ್ಣೀರು ಹಾಕಿದರು, ಇಂಥ ಗೆಳೆಯ ಸಿಗಬೇಕು ಅಂದರು. ನನಗೆ ಚಿಂತೆ ಇದ್ದದ್ದು ನನ್ನ ಭವಿಷ್ಯದ್ದು, ದೋಸ್ತ. ನಿನ್ನ ಮನೆಯ ಸಾಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಡೆದೆ.

ನಿನ್ನನ್ನು ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿ ಬಂದ ರಾತ್ರಿಯಿಂದ ಪರೀಕ್ಷೆಗೆ ಅಂತ ಒಂದು ಪುಟವೂ ಓದಿಲ್ಲ. ಮನೆಯಲ್ಲಿ ಲೈಬ್ರರಿಗೆ ಅಂತ ಹೇಳಿ ಹೊರಡುತ್ತೇನೆ, ಗುಡ್ಡದ ಅರ್ಧಕ್ಕೆ ಹತ್ತಿ ಕೂರುತ್ತೇನೆ. ಅಪ್ಪ ಇನ್ನೂ ತಿಂಗಳ ದುಡ್ಡು ಕೊಡುತ್ತಿದ್ದಾರೆ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ, ಬಂದುಬಿಟ್ಟಿತು. ಇರಲಿ, ಅಳಿಸುವುದಿಲ್ಲ.

ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ಅದಕ್ಕೇ ನಾಳೆಯಿಂದ ಏನು ಮಾಡುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ. ನೀನೂ ಫೋನ್ ಮಾಡಿ ಕೇಳಬೇಡ.

ಬೇರೆ ಏನು ಬೇಕಾದರೂ ಕೇಳು. ಅಂಗಡಿ ಅಣ್ಣ ಆ ಮೂರನೇ ಮಿರ್ಚಿಯ ಲೆಕ್ಕ ಇನ್ನೂ ಮರೆತಿಲ್ಲ. ಅದು ನಿನ್ನದೇ ಅಂತ ಹೇಳಿದ್ದೇನೆ. ಯುಗಾದಿಗೆ ಬಂದಾಗ ತೀರಿಸು, ಮಫ್ಲರ್ ಹಾಕಿಕೊಂಡೇ ಬಾ.

ನಿನ್ನ,
ಲಾಸ್ಟ್ ಬೆಂಚ್