ಜಿಂಕೆಯ ಗುಂಡಿಗೆ, ಈಲಿ, ಮೀನಖಂಡ: ವಿಸ್ಕಾನ್ಸಿನ್‌ನಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಸೋಮು,

ಪಕ್ಕದ ಮನೆಯವರು ತಾವು ಬೇಟೆಯಾಡಿದ ಜಿಂಕೆಯ ತೊಡೆ, ಬೆನ್ನುಮಾಂಸ ಇಟ್ಟುಕೊಂಡು ಉಳಿದದ್ದನ್ನು ನಿನಗೆ ಕೊಡ್ತೀವಿ ಅಂದಿದ್ದಾರೆ ಅಂತ ಬರೆದಿದ್ದೀಯ. ಬೇಡ ಅನ್ನಬೇಡ. ಅಲ್ಲಿ ಬಹಳ ಬೇಟೆಗಾರರು ಗುಂಡಿಗೆಯನ್ನೂ ಈಲಿಯನ್ನೂ (ಲಿವರ್) ಕರುಳಿನ ಜೊತೆ ಕಾಡಲ್ಲೇ ಬಿಟ್ಟು ಬರುತ್ತಾರೆ. ಮೀನಖಂಡ, ಕತ್ತು ಎಲ್ಲ ಕೈಮಾ ಯಂತ್ರಕ್ಕೆ. ಮೇಕೆ ಕಡಿದಾಗ ನಾವು ಮೊದಲು ಕೇಳುವುದೇ ಇವನ್ನು. ಆದರೆ ಮೇಕೆಯ ಲೆಕ್ಕವನ್ನೇ ಬಿಳಿಬಾಲದ ಜಿಂಕೆಗೂ ಹಚ್ಚಿದರೆ ಎರಡು ಕಡೆ ಎಡವುತ್ತೀಯ: ಒಂದು ರೋಗ, ಇನ್ನೊಂದು ನೆಣ. (ಊರಿಗೆ ಬಂದಾಗ ಈ ಅಡುಗೆಯ ಮಾತೆತ್ತಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಲ್ಲಿ ಜಿಂಕೆ ಮಾಂಸ ಇಟ್ಟುಕೊಳ್ಳುವುದೂ ಅಪರಾಧ. ಅಲ್ಲಿ ಲೈಸೆನ್ಸ್ ಇದ್ದವರು ಹೊಡೆದು, ಮರುದಿನ ಸಂಜೆ 5ರೊಳಗೆ ನೋಂದಾಯಿಸಿದ್ದನ್ನು ಸುಮ್ಮನೆ ಕೊಡಬಹುದು, ಮಾರುವಂತಿಲ್ಲ.)

ಮೊದಲು ರೋಗದ ವಿಷಯ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವುದು ಜಿಂಕೆಯ ಮಿದುಳನ್ನು ತಿನ್ನುವ ಪ್ರಯಾನ್ (ರೂಪ ಕೆಟ್ಟ ಒಂದು ಬಗೆಯ ಪ್ರೋಟೀನ್) ಕಾಯಿಲೆ. 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಅದು ಮೊದಲು ಸಿಕ್ಕಿದ್ದು ನಿನ್ನ ಮ್ಯಾಡಿಸನ್ ಪಕ್ಕದ ಮೌಂಟ್ ಹೋರೆಬ್ ಆಸುಪಾಸಿನಲ್ಲೇ. ಮನುಷ್ಯರಿಗೆ ತಗುಲಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ಪರೀಕ್ಷೆ ಮಾಡಿಸಿ, ರೋಗ ಇದ್ದರೆ ಮಾಂಸ ತಿನ್ನಬೇಡಿ ಅನ್ನುತ್ತದೆ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಪ್ರಯಾನ್ ಬೇಯಿಸಿದರೂ ಸಾಯದು, ಫ್ರೀಜರ್‌ನಲ್ಲಿಟ್ಟರೂ ಸಾಯದು. ಆದ್ದರಿಂದ ನಿನಗೆ ಎಷ್ಟೇ ಇಷ್ಟವಿದ್ದರೂ ತಲೆಮಾಂಸ, ಮಿದುಳು ಫ್ರೈ ಮರೆತುಬಿಡು. ಕಣ್ಣು, ಬೆನ್ನುಹುರಿ, ಗುಲ್ಮ (ಸ್ಪ್ಲೀನ್), ದುಗ್ಧರಸ ಗ್ರಂಥಿ (ಲಿಂಫ್ ನೋಡ್) ಯಾವುದೂ ಬೇಡ. ಕತ್ತು ಕೊಟ್ಟರೆ ಬೆನ್ನೆಲುಬನ್ನು ಗರಗಸದಿಂದ ಕುಯ್ಯದೆ, ಮಾಂಸವನ್ನಷ್ಟೇ ಚಾಕುವಿನಿಂದ ಬಿಡಿಸಿಕೋ. ಮೇಕೆಯ ಕತ್ತಿನ ಹಾಗೆ ಮೂಳೆಸಮೇತ ತುಂಡು ಮಾಡಿಸಬೇಡ. ತಲೆಯನ್ನು ಮೇಲ್ಗತ್ತಿನ ಸಮೇತ ಡಿಎನ್‌ಆರ್ (ರಾಜ್ಯದ ನಿಸರ್ಗ ಸಂಪನ್ಮೂಲ ಇಲಾಖೆ) ಇಟ್ಟಿರುವ ಪೆಟ್ಟಿಗೆಗೆ ಹಾಕಿದರೆ ಪರೀಕ್ಷೆ ಉಚಿತ. ಫಲಿತಾಂಶ ಬರುವ ತನಕ ಎಲ್ಲವೂ ಫ್ರೀಜರ್‌ನಲ್ಲಿರಲಿ, ಪ್ರತಿ ಪೊಟ್ಟಣದ ಮೇಲೂ ಸ್ಯಾಂಪಲ್ ನಂಬರ್ ಬರೆದಿರಲಿ. ಈ ಕಾಯುವಿಕೆಯಿಂದ ಒಂದು ಲಾಭವೂ ಇದೆ: ಜಿಂಕೆಯ ಗುಂಡಿಗೆ, ಮಾಂಸಖಂಡಗಳಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು, ಮೈನಸ್ 18 ಡಿಗ್ರಿಯಲ್ಲಿ ಹಲವು ದಿನ ಇಟ್ಟರೆ ಅದರ ಅಪಾಯ ಬಹಳ ತಗ್ಗುತ್ತದೆ. ಪೂರ್ತಿ ಹೋಗುವುದು ಒಳಗಿನ ತನಕ ಬೆಂದಾಗಲೇ.

ನಾಲಗೆ ಬೇಕೆಂದರೆ ಮುಂದಿನ ಭಾಗವನ್ನಷ್ಟೇ ಕೇಳು. ಅದರ ಬುಡದಲ್ಲಿ ಟಾನ್ಸಿಲ್, ಹಿಂದೆ ಪರೀಕ್ಷೆಗೆ ಬೇಕಾದ ಗ್ರಂಥಿ. ಆಳಕ್ಕೆ ಚಾಕು ಹಾಕಿದರೆ ನಾಲಗೆಯೂ ಕೆಡುತ್ತದೆ, ಪರೀಕ್ಷೆಯ ಗ್ರಂಥಿಯೂ ಕೆಡುತ್ತದೆ. ಉಪ್ಪುನೀರಲ್ಲಿ ಕುಕ್ಕರ್‌ಗೆ ಹಾಕಿ 45 ನಿಮಿಷ ಬೇಯಿಸು, ಬಿಸಿ ಇರುವಾಗಲೇ ಸಿಪ್ಪೆ ಸುಲಿ. ಆರಿದರೆ ಸಿಪ್ಪೆ ಕಚ್ಚಿಕೊಂಡು ಅರ್ಧ ಮಾಂಸವನ್ನೂ ಕಿತ್ತುಕೊಂಡು ಬರುತ್ತದೆ.

ಇನ್ನು ಈಲಿ. ಜಿಂಕೆಗೆ ಪಿತ್ತಕೋಶವೇ ಇಲ್ಲ, ಹಾಗಾಗಿ ಮೇಕೆಯ ಈಲಿಯ ಹಾಗೆ ಪಿತ್ತ ಒಡೆದು ಕಹಿಯಾಗುವ ಭಯವಿಲ್ಲ. ಆದರೆ ಕತ್ತರಿಸಿ ನೋಡಲೇಬೇಕು. ಗ್ರೇಟ್ ಲೇಕ್ಸ್ ಸುತ್ತಿನ ಜಿಂಕೆಗಳ ಈಲಿಯಲ್ಲಿ ಎಲೆಯ ಆಕಾರದ ಚಪ್ಪಟೆ ಹುಳ ಇರುತ್ತದೆ. ಅದು ಮನುಷ್ಯರಿಗೆ ಅಂಟದು, ಆದರೂ ಆ ಈಲಿ ಎಸೆಯುವುದೇ ಸರಿ. ಬಿಳಿ ಗಂಟು, ಕೀವು ಕಂಡರೂ ಅಷ್ಟೇ. ಗುಂಡು ಹೊಟ್ಟೆಗೆ ಬಿದ್ದು ಮೇವು ಚೆಲ್ಲಿದ್ದರೂ ಅಷ್ಟೇ. ಎಲ್ಲಿ ಹೊಡೆದದ್ದು ಅಂತಲೂ ಕೇಳು: ಮ್ಯಾರಿನೆಟ್ ಊರಿನ ಒಂದು ಭಾಗದ ಸುತ್ತ 5 ಮೈಲಿಯೊಳಗಿನ ಜಿಂಕೆಯ ಈಲಿ ತಿನ್ನಬಾರದು ಅಂತ 2020ರಲ್ಲಿ ರಾಜ್ಯವೇ ಹೇಳಿದೆ, ಪಿಎಫ್‌ಎಎಸ್ ರಾಸಾಯನಿಕದ ಕಾರಣಕ್ಕೆ. ವಯಸ್ಸಾದ ಪ್ರಾಣಿಯ ಈಲಿ, ಮೂತ್ರಪಿಂಡಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಸೇರಿರುತ್ತದೆ, ಅದಕ್ಕೇ ಎಳೆಯದಾದರೆ ಮಾತ್ರ ತಗೋ. ಬಸುರಿ ಹೆಂಗಸರಿಗೆ ಈಲಿ ಬೇಡವೇ ಬೇಡ, ವಿಟಮಿನ್ ಎ ಅತಿಯಾಗಿರುತ್ತದೆ. ಬೇಯಿಸುವುದು ಸುಲಭ: ಮೇಲಿನ ಪೊರೆ ಸುಲಿದು 1 ಸೆಂ.ಮೀ. ದಪ್ಪಕ್ಕೆ ಕುಯ್ದು ಗಂಟೆ ಹೊತ್ತು ಹಾಲಲ್ಲಿಟ್ಟು, ಒರೆಸಿ, ಕಾದ ಬಾಣಲೆಯಲ್ಲಿ ಎರಡೂ ಕಡೆ ಎರಡೆರಡು ನಿಮಿಷ. ಉಪ್ಪು ಕೊನೆಗೆ. ಹೆಚ್ಚು ಹೊತ್ತು ಬಿಟ್ಟರೆ ಸೀಮೆಸುಣ್ಣ ಜಗಿದ ಹಾಗಿರುತ್ತದೆ. ಫ್ರೀಜರ್‌ನಿಂದ ಬಂದದ್ದು ಹೇಗೂ ಸ್ವಲ್ಪ ಸಡಿಲ, ಅದನ್ನು ಒಪ್ಪಿಕೊಳ್ಳಬೇಕು.

ಇವುಗಳಲ್ಲಿ ನನ್ನ ಮತ ಗುಂಡಿಗೆಗೆ. ಅದಕ್ಕೆ ಫ್ರೀಜರ್‌ನಿಂದ ಏನೂ ಆಗದು. ಉದ್ದಕ್ಕೆ ಸೀಳಿ ಪುಸ್ತಕದ ಹಾಗೆ ಬಿಡಿಸು. ಒಳಗಿನ ಹೆಪ್ಪುಗಟ್ಟಿದ ರಕ್ತ ತೊಳೆ. ದಾರದಂಥ ನರಗಳು, ಮೇಲ್ಭಾಗದ ರಕ್ತನಾಳಗಳು, ಅಂಟಿಕೊಂಡ ಬಿಳಿ ನೆಣ ಎಲ್ಲ ಕತ್ತರಿಸಿ ತೆಗೆ. ಗುಂಡಿನ ಗಾಯ ಇದ್ದರೆ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಬಿಡು. ಸೀಸದ ಗುಂಡು ಕಣ್ಣಿಗೆ ಕಾಣದ ಚೂರಾಗಿ ದೂರ ಚಿಮ್ಮಿರುತ್ತದೆ. ಗಾಯ ದೊಡ್ಡದಿದ್ದರೆ ಆ ಗುಂಡಿಗೆಯ ಆಸೆ ಬಿಡು. ಚೊಕ್ಕ ಮಾಡಿದ 300 ಗ್ರಾಮಿಗೆ ಮುಕ್ಕಾಲು ಚಮಚ ಉಪ್ಪು, ಚಿಟಿಕೆ ಅರಿಸಿನ ಹಚ್ಚಿ ಒಂದು ಗಂಟೆ ಬಿಟ್ಟು, ಅರ್ಧ ಸೆಂ.ಮೀ. ದಪ್ಪಕ್ಕೆ ಎಳೆಗೆ ಅಡ್ಡಲಾಗಿ ಕುಯ್ಯಿ. ಕಬ್ಬಿಣದ ಬಾಣಲೆ ಹೊಗೆ ಬರುವಷ್ಟು ಕಾಯಲಿ. ಎರಡು ಚಮಚ ಎಣ್ಣೆ ಹಾಕಿ, ತುಂಡುಗಳನ್ನು ಎರಡು ಸರದಿಯಲ್ಲಿ ಹುರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟು ಅದರಲ್ಲೇ ಬೆಂದು ರಬ್ಬರ್ ಆಗುತ್ತದೆ. ಒಂದೊಂದು ಬದಿಗೆ ಒಂದೂವರೆ, ಎರಡು ನಿಮಿಷ ಸಾಕು, ಒಳಗೆ 71 ಡಿಗ್ರಿ ಮುಟ್ಟಿರುತ್ತದೆ. ಕೊನೆಗೆ ತರಿಯಾಗಿ ಕುಟ್ಟಿದ ಮೆಣಸು ಒಂದು ಚಮಚ, ಹುರಿದ ಜೀರಿಗೆ ಪುಡಿ, ಕರಿಬೇವು, ಅರ್ಧ ಚಮಚ ಕೊಡಗಿನ ಕಾಚಂಪುಳಿ. ಅದಿಲ್ಲದಿದ್ದರೆ ನಿಂಬೆ. ಹುರಿಯುವ ಹೊತ್ತು ಮೀರಿ ಗಟ್ಟಿಯಾಯಿತೋ, ಹೆದರಬೇಡ: ಒಂದು ಲೋಟ ನೀರು ಹಾಕಿ ಮುಚ್ಚಿ ಎರಡು ಗಂಟೆ ಸಣ್ಣ ಉರಿಯಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ನಡುವೆ ನಿಲ್ಲಿಸಿದರೇ ಕೆಟ್ಟಿತು.

ಮೀನಖಂಡದಲ್ಲಿ ನೆಣದ ಪ್ರಶ್ನೆ ಬರುತ್ತದೆ. ಮೇಕೆಯ ನೆಣ ರುಚಿ. ಜಿಂಕೆಯದು ಬಾಯಿಯ ಬಿಸಿಗೂ ಕರಗದೆ ಅಂಗುಳಕ್ಕೆ ಮೇಣದ ಹಾಗೆ ಅಂಟುತ್ತದೆ. ಆದ್ದರಿಂದ ಹೊರಗಿನ ನೆಣ, ದಪ್ಪ ಬಿಳಿಪೊರೆ ಎಲ್ಲ ತೆಗೆ. ಒಳಗಿನ ನರ ಮುಟ್ಟಬೇಡ, ಅದೇ ಕರಗಿ ರಸಕ್ಕೆ ಮಂದ ಕೊಡುವುದು. ಮೂಳೆಸಮೇತ ಒಂದು ಕೆ.ಜಿ.ಗೆ ಒಂದೂವರೆ ಲೀಟರ್ ನೀರು, ಎರಡು ಈರುಳ್ಳಿ, ಹತ್ತೆಸಳು ಬೆಳ್ಳುಳ್ಳಿ, ಶುಂಠಿ, ಮೆಣಸು, ಲವಂಗ, ಒಂದೂವರೆ ಚಮಚ ಉಪ್ಪು. ಕುಕ್ಕರ್‌ನ ಮೊದಲ ಕೂಗಿನ ನಂತರ ಉರಿ ತಗ್ಗಿಸಿ 50 ನಿಮಿಷ. ಆವಿ ತಾನಾಗಿ ಇಳಿಯಲಿ. ಬಲವಂತವಾಗಿ ಬಿಟ್ಟರೆ ಮಾಂಸ ಒಣಗುತ್ತದೆ. ಮೂಳೆ ತಿರುಗಿಸಿದರೆ ಸಲೀಸಾಗಿ ಬಿಡಬೇಕು. ಬಿಡದಿದ್ದರೆ ಹೆಚ್ಚು ಬೆಂದಿದೆ ಅಂದುಕೊಳ್ಳಬೇಡ, ಬೆಂದಿಲ್ಲ. ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಮೇಲೆ ಗಟ್ಟಿಯಾದ ನೆಣದ ಬಿಲ್ಲೆ ತೆಗೆದು ಎಸೆ. ಆ ಜಾಗಕ್ಕೆ ಒಗ್ಗರಣೆಯಲ್ಲಿ ಎರಡು ಚಮಚ ತುಪ್ಪ ಕೊಡು. ಆಮೇಲೆ ಸಾರಿನ ಮಸಾಲೆ ಹಾಕಿ ಕುದಿಸಿ, ಮುದ್ದೆ ಜೊತೆ ಬಿಸಿಬಿಸಿ ತಿನ್ನು.

ಒಂದು ಮಾತು ಮರೆತಿದ್ದೆ. ಹಿಂಗಾಲಿನ ಒಳಬದಿಯಲ್ಲಿ, ಮೀನಖಂಡದ ಕೆಳಗೆ, ಕಪ್ಪು ಕೂದಲಿನ ಗ್ರಂಥಿ ಇರುತ್ತದೆ. ಅದನ್ನು ಮುಟ್ಟಿದ ಕೈ, ಚಾಕುಗಳಿಂದ ಮಾಂಸ ಮುಟ್ಟಿದರೆ ಗಬ್ಬು ವಾಸನೆ ಹೋಗದು. ಚರ್ಮ ಸುಲಿದೇ ಕೊಡಲು ಪಕ್ಕದ ಮನೆಯವರಿಗೆ ಹೇಳು. ಜಿಂಕೆಯ ವಯಸ್ಸು ಎಷ್ಟಿರಬಹುದು ಅಂತಲೂ ಕೇಳಿ ಬರೆ. ಬಲಿತ ಗಂಡಾದರೆ ಕುಕ್ಕರ್‌ಗೆ ಇನ್ನೂ ಇಪ್ಪತ್ತು ನಿಮಿಷ ಸೇರಿಸಬೇಕು.

ಇಂತಿ ನಿನ್ನ,
ಗೆಳೆಯ