ಬಾಡಿಗೆ ಚಂದ್ರಿಕೆ ಅಂದ್ರೆ ಕೀಳಲ್ಲ ಕಣೋ

ಮಗಾ ಪ್ರದೀಪ,

ನಿಮ್ಮಮ್ಮ ನಿನ್ನೆ ಫೋನ್ ಮಾಡಿ ಅತ್ತೇಬಿಟ್ಲು, "ಭಾವ, ಪರ್ಮನೆಂಟ್ ಕೆಲ್ಸ ಬಿಟ್ಟು ಎಂಟೇ ತಿಂಗ್ಳ ಮಟ್ಟಿಗೆ ನರಸಾಪುರದ ಯಾವ್ದೋ ಫ್ಯಾಕ್ಟರಿಗೆ ಇಂಟೆರಿಮ್, ಅಂದ್ರೆ ತಾತ್ಕಾಲಿಕ, ಮ್ಯಾನೇಜರ್ ಆಗಿ ಹೋಗ್ತಾವ್ನಂತೆ" ಅಂತ. ನಾನಂದೆ, ರೇಷ್ಮೆ ಹುಳ ಹಣ್ಣಾದಾಗ, ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟಿ, ಅದೇ ಚಂದ್ರಿಕೆ, ನಾವು ಬಾಡಿಗೆಗೆ ತರಲ್ವೇನಮ್ಮ, ನಾಕೈದು ದಿನ ಇರ್ತದೆ, ಗೂಡು ಬಿಡಿಸಿದ್ಮೇಲೆ ವಾಪಸ್, ಆದ್ರೆ ಅದಿಲ್ದೆ ಗೂಡೆಲ್ಲಿ? ಸುಮ್ನಾದ್ಲು.

ಇಂಟೆರಿಮ್ ಅಂದ್ರೆ ನಮ್ ಸರ್ಕಾರಿ ಆಫೀಸಿನ 'ಪ್ರಭಾರ' ಅಲ್ಲ ಕಣೋ, ಪ್ರಭಾರದೋರು ಫೈಲ್ ಮುಟ್ಟೋಕೇ ಹೆದರ್ತಾರೆ. ಈ ಪದ್ಧತಿ 1970ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬೆಳೀತು, ಅಲ್ಲಿ ಖಾಯಂ ನೌಕರರನ್ನ ತೆಗೆಯೋ ಕಾನೂನು ಬಲು ಬಿಗಿ, ಅದಕ್ಕೇ ಕಷ್ಟ ಬಂದಾಗ ಅನುಭವ ಇರೋರನ್ನ ಹೊರಗಿಂದ ಕರೆಸ್ಕೊಂಡು, ಕೆಲ್ಸ ಮುಗಿದ್ಮೇಲೆ ಕಳಿಸ್ತಿದ್ರು. ಆಮೇಲೆ ಇಂಗ್ಲೆಂಡು, ಜರ್ಮನಿ. ಜರ್ಮನಿಯಲ್ಲಿ ಒಂದು ಪೇಚೈತೆ, ಹೊರಗಿನೋನು ನೌಕರನ ಥರ ಹೇಳಿದ್ದು ಕೇಳ್ಕೊಂಡು ಕೂತಿದ್ರೆ ಇವ್ನು ನೌಕರನೇ ಅಂತ ತೀರ್ಮಾನ ಮಾಡಿ ಕಂಪನಿಯಿಂದ ವಿಮೆ ಬಾಕಿ ವಸೂಲಿ ಮಾಡ್ತಾರೆ.

ನಮ್ಮಲ್ಲಿ ಹೆಚ್ಚಾಗಿ ಒಳಗಿನೋರನ್ನೇ ಕೂರಿಸ್ತಾರೆ. 2017ರ ಆಗಸ್ಟಲ್ಲಿ ವಿಶಾಲ್ ಸಿಕ್ಕಾ ಇನ್ಫೋಸಿಸ್ ಸಿಇಓ ಕುರ್ಚಿ ಬಿಟ್ರಲ್ಲ, ಪ್ರವೀಣ್ ರಾವ್ ನೋಡ್ಕೊಂಡ್ರು, 2018ರ ಜನವರಿಗೆ ಸಲೀಲ್ ಪಾರೇಖ್ ಬಂದ್ರು, ರಾವ್ ಗದ್ದಲ ಇಲ್ದೆ ತಮ್ ಹಳೇ ಸಿಓಓ (ದಿನದ ಕೆಲ್ಸ ನಡೆಸೋ ಅಧಿಕಾರಿ) ಜಾಗಕ್ಕೆ ವಾಪಸ್. ಅದೇ ಸ್ಟೀವ್ ಜಾಬ್ಸ್ 1997ರಲ್ಲಿ ತಾತ್ಕಾಲಿಕ ಅಂತ ಆಪಲ್ ಕುರ್ಚೀಲಿ ಕೂತು 2000ದಲ್ಲಿ ಆ ಪದನೇ ಕಿತ್ತಾಕಿದ್ರು. ನೀನು ಜಾಬ್ಸ್ ಕನಸು ಕಾಣ್ಬೇಡ. ಇಲ್ಲೇ ಉಳ್ಕೊಳ್ಳೋ ಆಸೆ ಬಂತೋ, ಯಾರಿಗೂ ಬೇಜಾರಾಗದಂಗೆ ಮಾತಾಡೋಕೆ ಶುರು ಮಾಡ್ತೀಯ, ನಿನ್ನ ಕರೆಸಿದ್ದೇ ಬೇಜಾರು ಮಾಡೋ ಕೆಲ್ಸಕ್ಕೆ.

ಸಹಿ ಹಾಕೋ ಪವರ್ ಎಷ್ಟು ಅಂತ ಮೊದ್ಲೇ ಬರೆಸ್ಕೋ. ನಾನು ಅಕೌಂಟ್ಸಲ್ಲಿದ್ದಾಗ ನಮ್ ಕಂಪನಿಗೂ ಒಬ್ರು ಬಂದಿದ್ರು, ಒಂದು ಬೇರಿಂಗ್ ತರಿಸೋಕೂ ಅವ್ರಿಗೆ ಅಧಿಕಾರ ಇರ್ಲಿಲ್ಲ, ಆರು ತಿಂಗ್ಳು ಕಾಫಿ ಕುಡ್ಕೊಂಡು ಹೋದ್ರು ಪಾಪ. ಪಿಎಫ್, ಗ್ರಾಚುಟಿ ಇಲ್ಲ ಅಂದ್ಕೊಂಡೇ ರೇಟ್ ಹೇಳು, ಮುಂದಿನ ಕೆಲ್ಸ ಸಿಗೋವರ್ಗೂ ಮನೇಲಿ ಕೂರೋ ತಿಂಗಳುಗಳನ್ನೂ ಸೇರಿಸು.

ಇನ್ನೊಂದು, ಬಾಡಿಗೆ ಚಂದ್ರಿಕೆನ ಬ್ಲೀಚಿಂಗ್ ನೀರಲ್ಲಿ ತೊಳ್ದು ಬಿಸ್ಲಿಗಿಡದೆ ಒಳಗೆ ತಂದ್ರೆ ಹಿಂದಿನ ಮನೆ ರೋಗ ಜೊತೇಲೇ ಬರ್ತದೆ, ನೀನೂ ಮೊದಲ್ನೇ ದಿನದಿಂದ್ಲೇ "ನಮ್ ಹಳೇ ಕಂಪ್ನೀಲಿ ಹಿಂಗಿತ್ತು" ಅನ್ಬೇಡ, ಹದಿನೈದು ದಿನ ಶಾಪ್‌ಫ್ಲೋರಲ್ಲಿ ನಿಂತು ನೋಡು.

ಭಾನುವಾರ ಶಿಡ್ಲಘಟ್ಟಕ್ಕೆ ಬಾ, ಅಗ್ರಿಮೆಂಟ್ ಪ್ರಿಂಟ್ ಹಾಕಿಸ್ಕೊಂಡು ಬಾ, ಫೋನಲ್ಲಿ ಓದೋಕೆ ನನ್ ಕಣ್ಣಿಗಾಗಲ್ಲ.

ನಿನ್ನ ದೊಡ್ಡಪ್ಪ