ನರಸಾಪುರದ ಹತ್ತಿರ ಮಾತಾಡಿದ ಅಕ್ಕನಿಗೆ

ಅಪ್ಪನಿಗೆ ಗುದನಾಳದ ಕ್ಯಾನ್ಸರ್, 3ನೇ ಹಂತ. ಮೊದಲು ರೇಡಿಯೇಷನ್, ಕೀಮೋ, ಗಡ್ಡೆ ಕುಗ್ಗಿದ ಮೇಲೆ ಆಪರೇಷನ್ ಎಂದಿದ್ದರು ಡಾಕ್ಟರು. ಮಲ ಸೇರೋಕೆ ಹೊಟ್ಟೆಗೆ ಚೀಲ ಹಾಕಬೇಕು ಅಂದದ್ದೇ ತಡ, ಅಪ್ಪ ಚಿಕಿತ್ಸೆಯೇ ಬೇಡ ಎಂದುಬಿಟ್ಟರು. ಬೆಂಗಳೂರಿಂದ ಕೋಲಾರಕ್ಕೆ ವಾಪಸ್ ಬರುವ ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದವರು ನೀವು. "ನನಗೂ ಚೀಲ ಇದೆ ಅಣ್ಣಾ, ನಿಮಗೆ ಗೊತ್ತಾಯ್ತಾ?" ಎಂದಿರಿ. ಗೊತ್ತೇ ಆಗಿರಲಿಲ್ಲ! ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ ಎಂದಿರಿ. ಕೆಲವರಿಗೆ ಅದು ಕರುಳಿನ ಜೋಡಣೆ ಮಾಯುವವರೆಗೆ ಮಾತ್ರ, ನಿಮ್ಮದು ಯಾವ ಥರ ಅಂತ ಡಾಕ್ಟರನ್ನೇ ಕೇಳಿ ಎಂದಿರಿ. ಆ ಪ್ರಶ್ನೆ ನಮಗೆ ಹೊಳೆದೇ ಇರಲಿಲ್ಲ, ಅಕ್ಕ.

ಕೇಳಿದೆವು. ತಾತ್ಕಾಲಿಕ ಎಂದರು. ಅಪ್ಪ ಒಪ್ಪಿದರು. ಈಗ ಚೀಲ ತೆಗೆದಾಗಿದೆ. ಕ್ಯಾನ್ಸರ್ ಮರಳಿದೆಯಾ ಅಂತ ನೋಡೋಕೆ ಮೂರು ತಿಂಗಳಿಗೊಮ್ಮೆ ಸಿಇಎ ಅನ್ನೋ ರಕ್ತಪರೀಕ್ಷೆ ನಡೀತಿದೆ. ನಿಮ್ಮ ಹೆಸರೂ ಕೇಳಲಿಲ್ಲ ನಾವು. ತುಂಬಾ ಥ್ಯಾಂಕ್ಸ್ ಅಕ್ಕ. ಅಪ್ಪ ಬಸ್ಸು ಹತ್ತಿದಾಗಲೆಲ್ಲ ನಿಮ್ಮನ್ನೇ ಹುಡುಕುತ್ತಾರೆ.